ನಾದಿನಿಯ ಮಾತು ಬರೆಯುವ ಕನ್ನಡಕ

ನನ್ನ ನಾದಿನಿ ಯಾರನ್ನು ಭೇಟಿಯಾದರೂ ಮೊದಲು ನೋಡುವುದು ಅವರ ಮೂಗನ್ನು. ಎದುರಿಗಿರುವವರು ಎಷ್ಟೇ ಗಣ್ಯರಾಗಿರಲಿ, ಅವಳ ದೃಷ್ಟಿ ಹುಬ್ಬುಗಳ ನಡುವಿನಿಂದ ಜಾರಿ, ಮೂಗಿನ ಮೂಳೆಯ ಮೇಲೆ ಕ್ಷಣಕಾಲ ವಿಶ್ರಮಿಸಿ, ಅಲ್ಲಿಂದ ಕಿವಿಯ ಹಿಂಬದಿಗೆ ಸರಿಯುತ್ತದೆ, ನಮಸ್ಕಾರವೇನಿದ್ದರೂ ಆಮೇಲೆ. ಆಡಿದ ಮಾತನ್ನು ಗಾಜಿನ ಮೇಲೆ ಅಕ್ಷರವಾಗಿ ಮೂಡಿಸುವ ಸ್ಮಾರ್ಟ್ ಕನ್ನಡಕದ ಸಂಶೋಧನೆ ಅವಳದು. ಯಂತ್ರದ ಭಾರವೆಲ್ಲ ಮೂಗಿನ ಮೇಲೇ ಬೀಳುವುದರಿಂದ ಅವಳ ಪಾಲಿಗೆ ಮನುಷ್ಯನೆಂದರೆ ಮೂಗು, ಮಿಕ್ಕಿದ್ದೆಲ್ಲ ಅದರ ಪರಿವಾರ.

ಎಲ್ಲಿ ನೋಯುತ್ತದೆಂದು ತಿಳಿಯಲಿಕ್ಕೆ ಗಾಜಿಲ್ಲದ ಚೌಕಟ್ಟಿಗೆ ಸೀಸದ ಚೂರುಗಳನ್ನು ಅಂಟಿಸಿಕೊಂಡು ದಿನವಿಡೀ ಓಡಾಡುತ್ತಾಳೆ. ಅದು ಜಾರದಿರಲೆಂದು ಕತ್ತನ್ನು ನೆಟ್ಟಗೆ ಹಿಡಿದು ನಡೆಯುವ ಗತ್ತು ಕಂಡು ಬೀದಿಯವರು ಅವಳನ್ನು ಜಂಬಗಾತಿಯೆಂದೇ ತಿಳಿದಿದ್ದಾರೆ. ಪಾಪ, ಜಂಬವಲ್ಲ, ಸೀಸ. ಒಮ್ಮೆ ಊಟದ ನಡುವೆ "ಭಾವ, ಕದಲಬೇಡಿ" ಎಂದು ನನ್ನ ಮೂಗಿಗೇ ಅಳತೆಪಟ್ಟಿ ಹಿಡಿದಳು. ತುತ್ತು ಕೈಯಲ್ಲೇ ಉಳಿಯಿತು.

ಈ ಹುಚ್ಚಿಗೆ ಮೂಲ ಅವಳ ಅಕ್ಕ, ಎಂದರೆ ನನ್ನ ಹೆಂಡತಿ. ನನ್ನ ಸವಕಲು ಹಾಸ್ಯಕ್ಕೂ ಮನಸಾರೆ ನಗುತ್ತಿದ್ದವಳು, ಕಿವಿ ಮಂದವಾಗುತ್ತ ಬಂದಂತೆ, ಜನ ಸೇರಿದಲ್ಲಿಂದ ಮೆಲ್ಲನೆ ಎದ್ದು ಒಳಗೆ ಹೋಗತೊಡಗಿದಳು. ಅವಳ ಕುರ್ಚಿ ಖಾಲಿಯಾಗಿಯೇ ಉಳಿಯುತ್ತಿತ್ತು. ಅಕ್ಕನನ್ನು ಮತ್ತೆ ಎಲ್ಲರ ನಡುವೆ ಕೂರಿಸಬೇಕೆಂಬುದೇ ನಾದಿನಿಯ ಹಟ.

ಅಂತೂ ಕನ್ನಡಕ ಸಿದ್ಧವಾಯಿತು. ವಾಕ್ಯ ಮುಗಿಯುವತನಕ ಕಾದು, ತಪ್ಪುಗಳನ್ನೆಲ್ಲ ತಿದ್ದಿ, ಮುತ್ತು ಪೋಣಿಸಿದಂತೆ ಬರೆಯುತ್ತಿತ್ತು; ಪ್ರಯೋಗಾಲಯವೇ ತಲೆದೂಗಿತು. ಅದನ್ನು ಮನೆಯಲ್ಲಿ ಹಾಕಿದ ದಿನ ನಾನೊಂದು ಹಾಸ್ಯ ಹೇಳಿದೆ. ನೆಂಟರೆಲ್ಲ ನಕ್ಕು ಸುಮ್ಮನಾದ ಮೇಲೆ ನನ್ನ ಹೆಂಡತಿಯೊಬ್ಬಳೇ ನಕ್ಕಳು. ಎಲ್ಲರೂ ತಿರುಗಿ ನೋಡಿದರು. ಅವಳು ಕನ್ನಡಕ ತೆಗೆದು ತಂಗಿಯ ಕೈಗಿಟ್ಟಳು.

"ಎಲ್ಲಾ ಸರಿಯಾಗೇ ಬರುತ್ತೆ ಕಣೇ. ಆದ್ರೆ ನಾನು ಬರೋಷ್ಟರಲ್ಲಿ ನೀವೆಲ್ಲ ಹೊರಟುಹೋಗಿರ್ತೀರ."

ನಾದಿನಿ ಮರುದಿನದಿಂದ ಹಿಡಿದದ್ದು ಒಂದೇ ಪಟ್ಟು: ಕನ್ನಡಕ ಕಾಯುವುದು ಬೇಡ, ತಿದ್ದುವುದೂ ಬೇಡ, ಮಾತು ಬಿದ್ದದ್ದು ಬಿದ್ದ ಹಾಗೇ ಮೂಡಲಿ. ತಪ್ಪುಗಳು ರಾಶಿಯಾಗುತ್ತವೆ, ವರ್ಷಗಳ ಶ್ರಮ ನೀರುಪಾಲಾಗುತ್ತದೆ ಎಂದು ಸಹೋದ್ಯೋಗಿಗಳು ಗೋಗರೆದರಂತೆ. "ತಪ್ಪಾದ್ರೆ ಆಗ್ಲಿ, ಅಕ್ಕ ನಮ್ಮ ಜೊತೆಗೇ ನಗ್ಬೇಕು" ಎಂದಳಂತೆ ಇವಳು.

ಈಗಿನ ಕನ್ನಡಕ ಎಡವುತ್ತ ಎಡವುತ್ತ ಬರೆಯುತ್ತದೆ. ಮೊನ್ನೆ ನಾನು ಹೇಳಿದ ಹಾಸ್ಯದಲ್ಲಿ ಅರ್ಧಕ್ಕರ್ಧ ತಪ್ಪಾಗಿಯೇ ಮೂಡಿತಂತೆ. ಆದರೂ ಹೆಂಡತಿಯ ನಗು ಎಲ್ಲರ ನಗುವಿನಲ್ಲಿ ಬೆರೆತುಹೋಗಿ, ಯಾವುದು ಯಾರದೆಂದು ತಿಳಿಯಲಿಲ್ಲ.

ವರ್ಷಾನುಗಟ್ಟಲೆ ತಿದ್ದಿ ತೀಡಿದ್ದನ್ನು ತಮ್ಮವರೊಬ್ಬರಿಗಾಗಿ ತಾವೇ ಕೆಡಿಸಬಲ್ಲ ಇಂಥ ಜನ ಸಂಶೋಧಕರಲ್ಲಿ ವಿರಳ. ಅವರ ಹೆಸರು ವಿದ್ವತ್ಸಭೆಗಳಲ್ಲಿ ಮೊಳಗುವುದೋ ಇಲ್ಲವೋ ನಾನರಿಯೆ. ಅವರಿರುವ ಮನೆಯಲ್ಲಿ ಮಾತ್ರ ಯಾರೂ ಒಬ್ಬರೇ ನಗಬೇಕಾಗಿ ಬರುವುದಿಲ್ಲ.