ನಲವತ್ತು ಹೆಜ್ಜೆಯ ಹಿಮ

ಜೊವಿಟಾ ಮೊಣಕಾಲೂರಿ ಕುಳಿತು, ಸ್ಟೀಲ್ ಚಮಚದಿಂದ ಹಿಮದ ಅಂಚನ್ನು ಮೆಲ್ಲಗೆ ಕೊರೆದಳು. ಮೇಲಿನ ಎರಡು ಬೆರಳಿನಷ್ಟು ಸಕ್ಕರೆಯಂತೆ ಉದುರಿತು. ಅದರ ಕೆಳಗೆ ಗಾಜಿನಂಥ ಮಂಜುಗಡ್ಡೆ, ಚಮಚ ಟಣ್ಣೆಂದಿತು. ಅವಳು ಬಗ್ಗಿ ಕಿವಿಗೊಟ್ಟಳು. ಗಡ್ಡೆಯ ಅಡಿಯಲ್ಲಿ, ಬಂಡೆಯ ಮೇಲೆ, ನೀರು ಹರಿಯುತ್ತಿತ್ತು.

"ಎಂತ ಹೇಳ್ತದೆ?" ಹಿಂದೆ ನಿಂತಿದ್ದ ಗಂಡ ಜೆಫ್ರಿ ಏದುಸಿರು ಬಿಡುತ್ತ ಕೇಳಿದ.

"ಸ್ವಲ್ಪ ತಡಿ."

ಈ ಕೊಲ್ಲಿ ನಾಡಿನಲ್ಲಿ, ಜೆಬೆಲ್ ಶಮ್ಸ್ ಬೆಟ್ಟದ ನೆತ್ತಿಯಲ್ಲೂ ಹಿಮ ಬೀಳುವುದು ಅಪರೂಪ. ಬುಧವಾರ ಬಿದ್ದ ಸುದ್ದಿ ತಿಳಿದಾಗ ಜೆಫ್ರಿ ತಾನಾಗಿಯೇ "ಈ ಸಲ ನಾನೂ ಬರ್ತೇನೆ" ಎಂದಿದ್ದ. ಹನ್ನೊಂದು ವರ್ಷದಿಂದ ಜೊವಿಟಾ ಶುಕ್ರವಾರ ಬಂತೆಂದರೆ ಗುಡ್ಡ ಹತ್ತುತ್ತಿದ್ದಳು. ಅವನು ಕೆಳಗೆ ಕಾರಿನಲ್ಲಿ ಚಹದ ಫ್ಲಾಸ್ಕ್ ಇಟ್ಟುಕೊಂಡು ಕಾಯುತ್ತಿದ್ದ. ಸೂಪರ್‌ಮಾರ್ಕೆಟ್ ಒಂದರ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುವ ಕೆಲಸ ಅವನದು. ಅರ್ಧ ಆಯುಷ್ಯವನ್ನು ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಕಳೆದವನು ಆಕಾಶದಿಂದ ಬಿದ್ದ ಹಿಮವನ್ನು ಒಮ್ಮೆಯೂ ಕಂಡಿರಲಿಲ್ಲ.

ಜೊವಿಟಾ ಕಂಡಿದ್ದಳು. ಎರಡು ವರ್ಷದ ಹಿಂದೆ ರುವಿ ಪೇಟೆಯಲ್ಲಿರುವ ತನ್ನ ಆಫೀಸಿಗೆ ರಜೆ ಹಾಕಿ, ಗುಲ್ಮಾರ್ಗಿಗೆ ಹೋಗಿ ಸ್ಕೀ ಕಲಿತು ಬಂದಿದ್ದಳು. ಜಾರುವುದಕ್ಕಿಂತ ಅವಳಿಗೆ ಹಿಡಿಸಿದ್ದು ಹಿಮದಲ್ಲಿ ಗುಂಡಿ ತೋಡಿ ಪದರ ಪದರವಾಗಿ ಓದುವ ವಿದ್ಯೆ. ಯಾವುದು ಯಾವುದರ ಮೇಲೆ ಕೂತಿದೆ, ಯಾವುದು ಜಾರೀತು. ವಾಪಸು ಬಂದ ಮೇಲೆ ಇಲ್ಲಿಯ ಗುಡ್ಡಗಳಲ್ಲೂ ಅದೇ ಚಾಳಿ. ಎಲ್ಲಿ ಕಲ್ಲು ಸಡಿಲ, ಯಾವ ಕಣಿವೆಯಲ್ಲಿ ನೀರೆಷ್ಟು ಎಂದು ನೋಡಿ ಚಾರಣಿಗರ ವಾಟ್ಸಾಪ್ ಗ್ರೂಪಿಗೆ ನಾಲ್ಕು ಸಾಲು ಹಾಕುತ್ತಿದ್ದಳು. ಅದನ್ನು ಓದದೆ ಯಾರೂ ಹೊರಡುತ್ತಿರಲಿಲ್ಲ.

ಎದುರಿಗೆ ನುಣುಪಾದ ಓರೆ ಬಂಡೆಯ ಕೊರಕಲು. ಅಡ್ಡ ದಾಟಲು ನಲವತ್ತು ಹೆಜ್ಜೆ. ಆಚೆ ಇಡೀ ಬಯಲು ಬೆಳ್ಳಗೆ ಹೊಳೆಯುತ್ತಿತ್ತು. ಕೊರಕಲಿನ ಕೆಳತುದಿಯಲ್ಲಿ ಪ್ರಪಾತ.

"ದಾಟುವ ಹಾಗಿಲ್ಲ," ಎಂದಳು.

"ಅಷ್ಟೊಂದು ಡೇಂಜರ್ ಅನ್ಸ್ತಿಲ್ಲ ಆಂಟಿ," ಎಂದ ವಿನಯ್, ಅವರನ್ನು ತನ್ನ ಜೀಪಿನಲ್ಲಿ ಕರೆತಂದಿದ್ದ ಮೈಸೂರಿನ ಎಂಜಿನಿಯರ್. "ಒಂದು ಗೇಣು ದಪ್ಪಾನೂ ಇಲ್ವಲ್ಲ."

"ದಪ್ಪದ ಪ್ರಶ್ನೆ ಅಲ್ಲ ವಿನಯ್. ಅಡಿಯಲ್ಲಿ ನೀರು ಉಂಟು. ಕಾಲಿಟ್ಟರೆ ಇಡೀ ಹಾಳೆ ಜಾರ್ತದೆ, ನಮ್ಮನ್ನೂ ತಕ್ಕೊಂಡು."

ಜೆಫ್ರಿ ಆಚೆಯ ಬಿಳುಪನ್ನೇ ನೋಡುತ್ತಿದ್ದ. "ಹನ್ನೊಂದು ವರ್ಷ ಬಾ ಬಾ ಅಂತ ಕರೆದೆ. ಇವತ್ತು ಬಂದೆ. ಇನ್ನು ನಲವತ್ತು ಹೆಜ್ಜೆ, ಮಾರಾಯ್ತಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಕಷ್ಟವಾದದ್ದೇ ಅದು. ನೋಯುವ ಮಂಡಿಗೆ ಪಟ್ಟಿ ಕಟ್ಟಿಕೊಂಡು ಮೂರು ಗಂಟೆ ತುಟಿಪಿಟಕ್ಕೆನ್ನದೆ ಹತ್ತಿದ್ದ.

"ನಾನೊಬ್ಬಳೇ ಆಗಿದ್ರೆ ದಾಟ್ತಿದ್ದೆ ಜೆಫ್," ಎಂದಳು, ಸಮಾಧಾನಕ್ಕೆಂದು. "ನೀನಿದ್ದಿ ಅಂತ ಬೇಡ ಹೇಳಿದ್ದು."

ಅವನು ತಿರುಗಿದ. "ಒಬ್ಬಳೇ ಆಗಿದ್ರೆ ದಾಟ್ತಿದ್ದಿಯಾ? ಇದನ್ನಾ?"

ಅವಳು ಚಮಚವನ್ನು ಚೀಲಕ್ಕೆ ಸೇರಿಸಿದಳು.

"ಕೆಳಗೆ ನಾನು ಹಾಡು ಕೇಳ್ತಾ ಕೂತಿರ್ತೇನೆ. ಎಲ್ಲ ನೋಡಿಯೇ ಕಾಲಿಡ್ತಾಳೆ, ಇವಳಿಗೆ ಏನೂ ಆಗುದಿಲ್ಲ ಅಂತ." ಅವನು ಬಂಡೆಯೊಂದರ ಮೇಲೆ ಕುಳಿತ. ವಿನಯ್ ಅತ್ತ ಸರಿದು ಕ್ಯಾಮೆರಾ ಒರೆಸತೊಡಗಿದ.

"ಇಂಥ ಕಡೆ ಒಬ್ಬಳೇ ದಾಟಿದ್ದು ಎಷ್ಟು ಸಲ?"

"ಮೂರ್ನಾಲ್ಕು ಸಲ."

"ಗ್ರೂಪಿನಲ್ಲಿ ಬರೆದದ್ದುಂಟಾ?"

"ಬೇರೆಯವರು ದಾಟಬಾರದು ಅಂತ ಬರೆದಿದ್ದೇನೆ."

ಜೆಫ್ರಿ ಮಂಡಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡ. ಆಮೇಲೆ, "ಫೋನ್ ತೆಗಿ. ಬರಿ," ಎಂದ.

"ಇಲ್ಲಿ ನೆಟ್‌ವರ್ಕ್ ಇಲ್ಲ."

"ಬರೆದಿಡು."

ಜೊವಿಟಾ ಕೈಗವಸು ಕಳಚಿ ಪದರಗಳ ವಿವರ ಬರೆದಳು. ಕೊನೆಗೆ, ಒಬ್ಬರೇ ಇದ್ದರೂ ದಾಟಬಾರದು, ಎಂದು ಸೇರಿಸಿ ತೋರಿಸಿದಳು. ಅವನು ಕನ್ನಡಕ ಏರಿಸಿ ಓದಿದ.

"ಒಬ್ಬರೇ ಅಲ್ಲ. ಒಬ್ಬಳೇ ಅಂತ ಹಾಕು."

ಅವಳು ತಿದ್ದಿದಳು. ಆಗ ಅವನು ಬಗ್ಗಿ, ಅವಳು ಕೊರೆದ ಕಡೆಯಿಂದ ಒಂದು ಚಿಟಿಕೆ ಹಿಮ ತೆಗೆದು ಬಾಯಿಗೆ ಹಾಕಿಕೊಂಡ. "ಕೋಲ್ಡ್ ಸ್ಟೋರೇಜಿನ ಗೋಡೆ ಕೆರೆದರೂ ಇದೇ ಬರ್ತದೆ. ಇದಕ್ಕೆ ಮೂರು ಗಂಟೆ ಹತ್ತಿಸಿದಿಯಲ್ಲ."

ಅವಳು ನಕ್ಕಳು. ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಮೇಲಿನಿಂದ ಒಂದು ಆಡು ಇಳಿದು ಬಂದು, ಯಾರನ್ನೂ ಲೆಕ್ಕಿಸದೆ ಕೊರಕಲಿಗೆ ಕಾಲಿಟ್ಟಿತು.

"ಅದು ನಿಮ್ಮ ಗ್ರೂಪಿನಲ್ಲಿಲ್ಲ," ಎಂದ ಜೆಫ್ರಿ.

ನಡುವಿಗೆ ಬಂದಾಗ ಅದರ ಗೊರಸಿಗೆ ತಟ್ಟೆಯಗಲದ ಗಡ್ಡೆಯೊಂದು ಕಳಚಿತು. ಸದ್ದಿಲ್ಲದೆ ಜಾರಿ, ಅಂಚು ದಾಟಿ, ಕಾಣೆಯಾಯಿತು. ಮೂವರೂ ಕಿವಿಗೊಟ್ಟು ನಿಂತರು. ಎಷ್ಟೋ ಹೊತ್ತಿನ ಮೇಲೆ, ಬಹಳ ಕೆಳಗಿನಿಂದ, ಚೂರಾದ ಸದ್ದು ಕೇಳಿಸಿತು.

ಆಡು ಆಚೆ ದಡದಲ್ಲಿ ನಿಂತು ಜೂನಿಪರ್ ಗಿಡದ ಚಿಗುರು ಕೀಳುತ್ತಿತ್ತು. ಯಾವಾಗ ಹಿಡಿದನೋ, ಜೆಫ್ರಿಯ ಕೈ ಹೆಂಡತಿಯ ಬೆನ್ನುಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.