ಉಡಿಗೆ ಬಂದ ಜೋಳ

ನನ್ನ ಮೈದುನ ಕಲ್ಯಾಣಪ್ಪ ನೆಲೋಗಿಯ ಮಲ್ಕಮ್ಮನನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಎಂದು ಹಟ ಹಿಡಿದಿದ್ದ. ಅವಳು ಜೇವರ್ಗಿಗೆ ಹೊಲಿಗೆ ಕಲಿಯಲು ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ತಂದೆ ದೇವೀಂದ್ರಪ್ಪ ಕಂಡವರ ಹೊಲದಲ್ಲಿ ದುಡಿಯುವವನು. ನಮ್ಮದು ಜೇವರ್ಗಿಯಲ್ಲಿ ಹೆಸರಿದ್ದ ಮನೆ. ಅತ್ತೆ ಸುಭದ್ರಾಬಾಯಿ ಬೈಯಲಿಲ್ಲ, ಅಳಲಿಲ್ಲ. ಹೋಗಿ ನೋಡಿ ಬರುತ್ತೇನೆ, ನೋಡಿದ ಮೇಲೆ ನಾನು ಬೇಡವೆಂದರೆ ಮಾತು ಅಲ್ಲಿಗೇ ಮುಗಿಯಬೇಕು ಎಂದರು. ಕಲ್ಯಾಣಪ್ಪ ಒಪ್ಪಿದ. ಒಪ್ಪಬಾರದಿತ್ತು ಎಂದು ನನಗನಿಸಿತು.

ನಮ್ಮ ಮನೆತನದವರು ಹೆಣ್ಣು ನೋಡಲು ಹೋಗಿ ಒಪ್ಪದಿದ್ದರೆ ಆ ಮನೆಯ ನೀರು ಮುಟ್ಟುವುದಿಲ್ಲ. ಇದು ಸುತ್ತಿನ ಊರಿಗೆಲ್ಲ ಗೊತ್ತು, ಬಾಯಿಬಿಟ್ಟು ಬೇಡವೆನ್ನುವ ಕಷ್ಟವಿಲ್ಲ.

ಹೊರಡುವ ದಿನ ಅತ್ತೆ ತಮ್ಮ ಸರ, ಪಾಟಲಿ ಬಳೆಗಳನ್ನು ನನಗೂ ಹಾಕಿಸಿದರು. ನಾನು ಶಾಲಾ ಮಾಸ್ತರರ ಮಗಳು. ಬಿ.ಎ. ಓದೇ ಇವಳ ಬಂಗಾರ ಎಂದು ಹೇಳಿ ತಂದೆ ನನ್ನನ್ನು ಈ ಮನೆಗೆ ಕಳಿಸಿದ್ದರು.

"ಶಾರದಾ, ಅಲ್ಲಿ ನೀ ಮಾತಾಡೂದು ಬ್ಯಾಡ. ನಮ್ಮನ್ನ ನೋಡಿದ್ರ ತಾವೇ ತಿಳ್ಕೋತಾರ," ಎಂದರು ಅತ್ತೆ.

ನೆಲೋಗಿಯಲ್ಲಿ ಜೀಪು ನಿಂತಾಗ ಪಕ್ಕದ ಮನೆಯ ಮುದುಕಿ ಕುಲಸುಮಬಿ ತನ್ನ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನ ಕೊರಳು, ಕೈ ಎಲ್ಲ ನೋಡಿ, "ಏನವಾ, ಹೆಣ್ಣು ನೋಡಾಕ ಬಂದೀರೋ, ಬಂಗಾರ ತೋರ್ಸಾಕ ಬಂದೀರೋ?" ಎಂದಳು. ನಗು ಬಂತು, ಅತ್ತೆಯ ಮುಖ ನೋಡಿ ನುಂಗಿಕೊಂಡೆ.

ಒಳಗೆ ಏನು ಕಾಣಬೇಕೋ ಎಂದು ಅಂಜಿದ್ದೆ. ಎರವಲು ತಂದ ಕುರ್ಚಿ, ಎರವಲು ಕಪ್ಪು-ಬಸಿ ಇದ್ದರೆ ಅತ್ತೆಯ ಕಣ್ಣಿಗೆ ಬೀಳದೆ ಇರುವುದಿಲ್ಲ. ಅಂಥದ್ದೇನೂ ಇರಲಿಲ್ಲ. ಸಾರಿಸಿದ ನೆಲ, ಮೇಲೊಂದು ಕೌದಿ. ಮಲ್ಕಮ್ಮ ಒಗೆದ ಹತ್ತಿ ಸೀರೆಯುಟ್ಟು ಬಂದು ಕುಳಿತಳು. ಅತ್ತೆ ಕೇಳಿದ್ದಕ್ಕೆಲ್ಲ ಅವರ ಮುಖ ನೋಡಿಯೇ ಉತ್ತರ ಕೊಟ್ಟಳು. ಆಮೇಲೆ ಅವಳ ತಾಯಿ ರೇವಮ್ಮ ನೀರಿನ ತಂಬಿಗೆ ತಂದು ಮುಂದಿಟ್ಟಳು.

ಅತ್ತೆ ಕೈ ಚಾಚಲಿಲ್ಲ.

ದೇವೀಂದ್ರಪ್ಪ ಗೋಡೆಯ ಕಡೆ ತಿರುಗಿಕೊಂಡ. ಮಲ್ಕಮ್ಮನ ತುಟಿ ಬಿಳಿಚಿತು. ಅತ್ತೆ ಎದ್ದರು, ನಾನೂ ಎದ್ದೆ. ಕಲ್ಯಾಣಪ್ಪನಿಗೆ ಇದನ್ನು ಹೇಗೆ ಹೇಳುವುದೆಂದು ಆಗಲೇ ಚಿಂತೆ ಶುರುವಾಗಿತ್ತು.

"ನಿಂದರ್ರಿ ಅವ್ವಾರ," ಎಂದಳು ರೇವಮ್ಮ. ದನಿಯಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ನೀರು ಒಲ್ಲೆ ಅಂದ್ರಿ, ಅದು ನಿಮ್ಮ ಮರ್ಜಿ. ಆದ್ರ ಮುತ್ತೈದಿ ಬರೇ ಉಡೀಲೆ ನನ್ನ ಹೊಸ್ತಿಲ ದಾಟಬಾರದು."

ಮೊರದಲ್ಲಿ ಜೋಳ ತಂದಳು. ತೆಂಗಿನಕಾಯಿ ಇಲ್ಲ, ಕುಪ್ಪಸದ ಖಣ ಇಲ್ಲ. ಕಾಳಿನ ಮೇಲೆ ಎರಡು ಎಲೆ, ಅಡಿಕೆ.

ಅತ್ತೆ ಕಲ್ಲಿನಂತೆ ನಿಂತರು. ನೀರು ಬಿಟ್ಟು ಎದ್ದು ಬರಬಹುದು. ಉಡಿಗೆ ಬಂದ ಕಾಳನ್ನು ಒಲ್ಲೆನೆಂದರೆ ತನ್ನ ಗಂಡನ ಮನೆಗೆ ತಾನೇ ಕೇಡು ಬಯಸಿದಂತೆ. ಅವರು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಅದರ ಜರಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದರು. ರೇವಮ್ಮ ಅವರ ಹಣೆಗೆ ಕುಂಕುಮ ಹಚ್ಚಿ, ಬೊಗಸೆ ಬೊಗಸೆಯಾಗಿ ತುಂಬಿದಳು. ಕಳೆ ತೆಗೆದು ಒಡೆದ ಆ ಬೆರಳುಗಳಿಂದ ಒಂದು ಕಾಳೂ ಕೆಳಗೆ ಬೀಳಲಿಲ್ಲ. ಆಮೇಲೆ ನನ್ನ ಉಡಿಗೂ ಒಂದು ಬೊಗಸೆ ಹಾಕಿದಳು. ಯಾವ ಗುಡಿಯಲ್ಲೂ ನನ್ನ ಮೈ ಹಾಗೆ ಜುಮ್ಮೆಂದಿರಲಿಲ್ಲ.

ದಾರಿಯುದ್ದಕ್ಕೂ ಅತ್ತೆ ಉಡಿ ಹಿಡಿದೇ ಕುಳಿತಿದ್ದರು. ಉಡಿಯ ಕಾಳನ್ನು ದನಕ್ಕೆ ಹಾಕುವಂತಿಲ್ಲ, ಆಳಿಗೆ ಕೊಡುವಂತಿಲ್ಲ, ಮನೆಯವರೇ ಉಣ್ಣಬೇಕು. ಅವರು ಏನು ಮಾಡುತ್ತಾರೆಂದು ನನಗೆ ಹೊಳೆಯಲಿಲ್ಲ.

ಮನೆಗೆ ಬಂದವರೇ ಬೀಸುವ ಕಲ್ಲಿನ ಮುಂದೆ ಕುಳಿತರು. ನಾನು ಕೈ ಹಚ್ಚಲು ಹೋದರೆ ಬಿಡಲಿಲ್ಲ. ಹಿಟ್ಟು ನಾದಿ ತಾವೇ ರೊಟ್ಟಿ ಬಡಿದರು. ನಾನು ಈ ಮನೆಗೆ ಬಂದಮೇಲೆ ಅವರು ಒಲೆಯ ಮುಂದೆ ಕುಳಿತದ್ದನ್ನು ಕಂಡಿರಲಿಲ್ಲ. ಮೊದಲ ರೊಟ್ಟಿಯನ್ನು ಮುರಿದು, ಏನೂ ಹಚ್ಚಿಕೊಳ್ಳದೆ, ನಿಧಾನವಾಗಿ ಅಗಿದು ನುಂಗಿದರು. ಆಮೇಲೆ ಕಲ್ಯಾಣಪ್ಪನನ್ನು ಕರೆದರು. ಅವನು ಬಾಗಿಲಲ್ಲೇ ನಿಂತ. ನನ್ನ ಮುಖ ನೋಡಿ ಆಗಲೇ ಎಲ್ಲ ತಿಳಿದುಕೊಂಡಂತಿತ್ತು.

ಉಳಿದರ್ಧ ರೊಟ್ಟಿಯನ್ನು ಅವನ ಕೈಗಿಟ್ಟರು.

"ಉಣ್ಣು. ನೆಲೋಗಿ ಜೋಳ," ಎಂದರು. "ಆ ಮನೀ ಕಾಳು ಉಂಡು ಆ ಮನೀ ಹುಡಿಗೀನ ಒಲ್ಲೆ ಅನ್ನಾಕ ನನ್ನ ನಾಲಿಗಿ ಹೊಳ್ಳೂದಿಲ್ಲಪ್ಪಾ."

ಕಲ್ಯಾಣಪ್ಪ ಅಲ್ಲೇ ನೆಲಕ್ಕೆ ಕುಳಿತು ರೊಟ್ಟಿ ಮುರಿದು ಬಾಯಿಗಿಟ್ಟ. ಅತ್ತೆ ಹಿಟ್ಟಿನ ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದರು.