ಭಾನುವಾರದ ನೀರು

ಪರಮಣ್ಣನನ್ನು ಗೋವೆಗೆ ಕರೆತಂದದ್ದು ದಾನಪ್ಪ. ಕಾಲೇಜಿನ ತೋಟದ ಕೆಲಸಕ್ಕೆ ಹಚ್ಚಿದ್ದೂ ದಾನಪ್ಪ, ಮೊದಲ ಮೂರು ತಿಂಗಳು ಮನೆಯಲ್ಲಿಟ್ಟುಕೊಂಡು ರೊಟ್ಟಿ ಹಾಕಿದ್ದೂ ದಾನಪ್ಪನೇ. ಇಬ್ಬರೂ ತಾಳಿಕೋಟೆ ಕಡೆಯವರು, ಒಂದೇ ಓಣಿ. ಈ ಉಪಕಾರದ ಕಥೆಯನ್ನು ದಾನಪ್ಪ ಹೇಳದೆ ಬಿಟ್ಟವರು ಯಾರೂ ಇರಲಿಲ್ಲ. ಆದರೆ ಸಾವಿರದ ಒಂಬೈನೂರ ತೊಂಬತ್ತೊಂದರ ಮಳೆಗಾಲದ ಹೊತ್ತಿಗೆ, ಅದೇ ಕಥೆ ಹೇಳುವಾಗ ಅವನಿಗೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಉಸಗಾಂವದ ಗಣಿ ಲಾರಿಗಳ ಕೆಂಪು ಧೂಳು ತಲುಪುವಷ್ಟು ದೂರದಲ್ಲಿ ಒಂದು ದಿಬ್ಬ, ಅದರ ಮೇಲೆ ಆ ಸರ್ಕಾರಿ ಕಾಲೇಜು. ದಾನಪ್ಪ ಆರು ವರ್ಷಗಳಿಂದ ಅಲ್ಲಿ ದಿನಗೂಲಿಯ ಪಂಪ್ ಆಪರೇಟರ್. ಪಂಪು ಹಾಕಿ ಎತ್ತರದ ಟಾಕಿ ತುಂಬಿಸುವುದು, ಬೆಳಿಗ್ಗೆ ಲೈಟಿನ ಮೀಟರು, ನೀರಿನ ಮೀಟರು ಓದುವುದು, ಜನರೇಟರಿನ ಡೀಸೆಲ್ ಟಾಕಿಯೊಳಗೆ ಕಡ್ಡಿ ಇಳಿಸಿ ಎಷ್ಟು ಉಳಿದಿದೆ ನೋಡುವುದು, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯುವುದು. ಐದು ವರ್ಷ ಆ ರಿಜಿಸ್ಟರನ್ನು ಒಬ್ಬರೂ ತೆರೆದು ನೋಡಿರಲಿಲ್ಲ. ಆಫೀಸಿನಲ್ಲಿ ಅದರ ಮೇಲೆ ಚಹಾದ ಗ್ಲಾಸು ಇಡುತ್ತಿದ್ದರು, ಅಷ್ಟೇ.

ಆಮೇಲೆ ಕೊಲ್ಲಿಯಲ್ಲಿ ಯುದ್ಧ ಹತ್ತಿತು. ಡೀಸೆಲ್ಲಿಗೆ ಬರ ಬಂತು. ಲೈಟು, ನೀರು, ಇಂಧನ ಎಷ್ಟು ಬಳಸಿದಿರಿ, ತಿಂಗಳಿಗೊಮ್ಮೆ ಲೆಕ್ಕ ಕೊಡಿ ಎಂದು ಪಣಜಿಯಿಂದ ಸುತ್ತೋಲೆ ಬಂತು. ಕಾಲೇಜಿನ ಇಂಜಿನಿಯರ್ ಪ್ರಭುದೇಸಾಯಿ ಸಾಹೇಬರು ಮೊದಲ ಸಲ ರಿಜಿಸ್ಟರಿನ ಧೂಳು ಊದಿದರು. ಕೊಂಕಣಿ ಬೆರೆಸಿದ ಹಿಂದಿಯಲ್ಲಿ ದಾನಪ್ಪನಿಗೆ ಹೇಳಿದರು: ಇನ್ನು ಮೇಲೆ ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಆಫೀಸಿನ ಕಡೆಯದು, ಜನರೇಟರಿನದು ನೀನು ನೋಡು. ಹಾಸ್ಟೆಲ್ ಲೈನು ಆ ತೋಟದ ಪರಮಣ್ಣ ನೋಡಲಿ, ಅವನು ಎಂಟನೆಯ ತರಗತಿ ಓದಿದ್ದಾನಂತೆ. ವರ್ಷದ ಕೊನೆಗೆ ಮೀಟರ್ ರೀಡರ್ ಅಂತ ಒಂದು ಕಾಯಂ ಹುದ್ದೆ ಬರುತ್ತದೆ. ಇಬ್ಬರಲ್ಲಿ ಯಾರ ಕೆಲಸ ಚೆನ್ನಾಗಿದೆಯೋ ಅವರಿಗೆ.

ಒಂದೇ ಹುದ್ದೆ. ಆ ಹುದ್ದೆಗಾಗಿಯೇ ದಾನಪ್ಪ ಆರು ವರ್ಷ ಗಣಿಯ ಕಡೆ ತಿರುಗಿ ನೋಡದೆ ಕುಳಿತಿದ್ದ. ಗಣಿಯಲ್ಲಿ ಅದಿರು ತುಂಬುತ್ತಿದ್ದ ಕಾಲದ ಕೆಮ್ಮು ಇನ್ನೂ ಅವನ ಎದೆಯಲ್ಲಿ ಉಳಿದಿತ್ತು. ಕಾಯಂ ಆಗದಿದ್ದರೆ ಮತ್ತೆ ಅದೇ ಬುಟ್ಟಿ, ಅದೇ ಲಾರಿ.

ಪರಮಣ್ಣ ಹಾಸ್ಟೆಲ್ ಮೀಟರು ಹಿಡಿದ ದಿನದಿಂದ ದಾನಪ್ಪನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮೀಟರು ಓದು ಎಂದರೆ ಓದಿ ಸುಮ್ಮನಿರಬಾರದೆ? ಇಲ್ಲ. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ವಾಷರು ಮಾಡಿ ತೊಟ್ಟಿಕ್ಕುವ ನಲ್ಲಿಗಳಿಗೆ ಹಾಕಿದ. ಅಡುಗೆಯ ಭೂರಿಬಾಯಿಗೆ ಅಕ್ಕಿ ತೊಳೆದ ನೀರು ಗಿಡಕ್ಕೆ ಹಾಕಲು ಕಲಿಸಿದ. ಸಾಹೇಬರು ಚೌಕಳಿ ಹಾಳೆಯ ಮೇಲೆ ನೀಲಿ ಗೆರೆ ಎಳೆದು ಗೋಡೆಗೆ ಅಂಟಿಸಿದರು. ಗೆರೆ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಹೋಯಿತು. ದಾನಪ್ಪನ ಆಫೀಸ್ ಲೈನಿನ ಕೆಂಪು ಗೆರೆ ಮಾತ್ರ ಮಲಗಿದ ಕೋಣದ ಹಾಗೆ ಇದ್ದಲ್ಲೇ ಇತ್ತು.

ಅದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಕುರ್ಚಿ. ಜುಲೈ ತಿಂಗಳ ಲೆಕ್ಕ ಕೊಡಲು ಇಬ್ಬರೂ ಒಳಗೆ ಹೋದಾಗ ಸಾಹೇಬರು ಪರಮಣ್ಣನಿಗೆ, "ಬೈಸ್ ರೇ, ತೋರಿಸು," ಎಂದು ಎದುರಿನ ಕುರ್ಚಿ ತೋರಿಸಿದರು. ಪರಮಣ್ಣ ಕುಳಿತ. ಆರು ವರ್ಷದಲ್ಲಿ ದಾನಪ್ಪನಿಗೆ ಆ ಕೋಣೆಯಲ್ಲಿ ಯಾರೂ ಕೂರು ಎಂದಿರಲಿಲ್ಲ. ಅವನು ಕೈಕಟ್ಟಿ ನಿಂತು, ತನ್ನ ಮನೆಯ ರೊಟ್ಟಿ ತಿಂದ ಬೆನ್ನನ್ನು ಕುರ್ಚಿಯ ಮೇಲೆ ನೋಡಿದ.

ಮನೆಯಲ್ಲೂ ನೆಮ್ಮದಿ ಇಲ್ಲ. ಹೆಂಡತಿ ನೀಲವ್ವನ ಬಾಯಲ್ಲೂ ಅದೇ ಹೆಸರು.

"ಪರಮಣ್ಣ ಐತವಾರನೂ ಮುಂಜಾನೆ ಆರೂವರಿಗೆ ಮೀಟರ ನೋಡಾಕ ಹೊಕ್ಕಾನಂತ್ರಿ. ಭಾಳ ಚಲೋ ಹುಡುಗ," ಎಂದಳು.

"ಐತವಾರ ಅಲ್ಲಿ ನೋಡೂದು ಏನ ಇರತೈತಿ? ತೋರಿಕಿ," ಎಂದ ದಾನಪ್ಪ. "ನಾ ಆರು ವರ್ಷ ಒಂದ ಐತವಾರ ಹೋಗಿಲ್ಲ. ಕಾಲೇಜ ಬಿದ್ದ ಹೋತೇನ?"

ಅದು ನಿಜ. ಭಾನುವಾರ ಬಂದು ಮೀಟರು ಓದಬೇಕೆಂದು ನಿಯಮವಿತ್ತು, ದಾನಪ್ಪ ಹೋಗುತ್ತಿರಲಿಲ್ಲ. ಭಾನುವಾರ, ರಜೆಯ ದಿನ ಪಂಪಿನ ಸ್ವಿಚ್ಚು ಒತ್ತಲು ಕಾವಲುಗಾರನಿದ್ದ. ಸೋಮವಾರ ಬೆಳಿಗ್ಗೆ ಎರಡು ದಿನದ ನೀರನ್ನು ಒಟ್ಟಿಗೆ ಓದಿ, ಅರ್ಧ ಹುಡುಗರು ಊರಿಗೆ ಹೋದ ಭಾನುವಾರಕ್ಕೆ ಸಣ್ಣ ಪಾಲು, ಉಳಿದದ್ದು ಶನಿವಾರಕ್ಕೆ ಎಂದು ಹಂಚಿ ಬರೆಯುತ್ತಿದ್ದ. ಚೌತಿ, ದೀಪಾವಳಿಯ ರಜೆಯಲ್ಲಂತೂ ದಿನಕ್ಕೆ ಐನೂರು ಲೀಟರ್ ಎಂದು ಮೊದಲೇ ಬರೆದಿಟ್ಟು, ಮಿಕ್ಕಿದ್ದನ್ನೆಲ್ಲ ಕಾಲೇಜು ತೆರೆದ ದಿನದ ತಲೆಗೆ ಕಟ್ಟುತ್ತಿದ್ದ. ಆ ದಿನದ ಅಂಕಿ ಬೆಟ್ಟದಷ್ಟಾಗುತ್ತಿತ್ತು. ಊರಿಂದ ಬಂದ ಹುಡುಗರು ಅವತ್ತೇ ಬಟ್ಟೆ ಒಗೆಯುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಬರೆದೂ ಬರೆದೂ ಕೊನೆಗೆ ತಾನು ಬರೆದದ್ದನ್ನು ತಾನೇ ನಂಬಿದ. ರಜೆಯಲ್ಲಿ ಹಾಸ್ಟೆಲ್ಲಿಗೆ ಐನೂರು ಲೀಟರಿಗಿಂತ ಹೆಚ್ಚು ನೀರು ಹೋಗುವುದಿಲ್ಲ ಎಂಬುದು ಅವನಿಗೆ ದೇವರಾಣೆಯಷ್ಟು ಖಚಿತವಾಗಿತ್ತು.

ಆ ವರ್ಷದ ಚೌತಿಗೆ ಕಾಲೇಜು ಹತ್ತು ದಿನ ಮುಚ್ಚಿತು. ಹಾಸ್ಟೆಲ್ ಖಾಲಿ, ಅಡುಗೆಮನೆಗೂ ಬೀಗ. ರಜೆಯ ಐದನೆಯ ದಿನ ದಾನಪ್ಪ ಡೀಸೆಲ್ ಕಡ್ಡಿ ಇಳಿಸಲು ಪಂಪ್‌ಹೌಸಿಗೆ ಹೋದಾಗ ಹಾಸ್ಟೆಲ್ ರಿಜಿಸ್ಟರ್ ಕಟ್ಟೆಯ ಮೇಲಿತ್ತು. ತೆರೆದು ನೋಡಿದ. ಮೊದಲ ದಿನ ಹನ್ನೊಂದು ಸಾವಿರ ಲೀಟರ್. ಎರಡನೆಯ ದಿನವೂ ಹನ್ನೊಂದು ಸಾವಿರ. ಮೂರು, ನಾಲ್ಕು, ಐದು, ಎಲ್ಲ ದಿನವೂ ಅದೇ ಅಂಕಿ, ನೂರಿನ್ನೂರು ಲೀಟರು ಹೆಚ್ಚು ಕಡಿಮೆ.

ದಾನಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು. ಸಿಕ್ಕಿಬಿದ್ದ! ನರಪಿಳ್ಳೆ ಇಲ್ಲದ ಹಾಸ್ಟೆಲ್ಲಿಗೆ ಹನ್ನೊಂದು ಸಾವಿರ ಲೀಟರ್! ಮನೆಯಲ್ಲಿ ಕುಳಿತು ಕಣ್ಣುಮುಚ್ಚಿ ಬರೆದಿದ್ದಾನೆ, ಅದೂ ಬರೆಯಲು ಬಾರದೆ. ಸುಳ್ಳು ಬರೆಯುವುದಕ್ಕೂ ಆರು ವರ್ಷದ ಅನುಭವ ಬೇಕಪ್ಪಾ ಎಂದು ಒಳಗೊಳಗೇ ನಕ್ಕ. ತಡಮಾಡಲಿಲ್ಲ. ಮಳೆಯಲ್ಲೇ ನಡೆದು ಸಾಹೇಬರ ಕ್ವಾರ್ಟರ್ಸಿನ ಬಾಗಿಲು ತಟ್ಟಿದ.

"ಸಾಹೇಬ್ರ, ಪರಮಣ್ಣ ಖೊಟ್ಟಿ ಅಂಕಿ ಬರ್ಯಾಕತ್ತಾನ್ರಿ. ಬೇಕಾದ್ರ ಬಂದು ನೀವ ನೋಡ್ರಿ. ಈಗಿಂದೀಗ ಬರ್ರಿ."

ಸಾಹೇಬರು ಮೋದಕ ತಿನ್ನುತ್ತಿದ್ದವರು ಕೈ ತೊಳೆದು, ಛತ್ರಿ ಹಿಡಿದು ಹೊರಟರು. ದಾರಿಯಲ್ಲಿ ಪರಮಣ್ಣನನ್ನೂ ಅವನ ಕೋಣೆಯಿಂದ ಕರೆದರು. ಅವನು ಲುಂಗಿಯಲ್ಲೇ ಬಂದ, ಮುಖದಲ್ಲಿ ಗಾಬರಿ ಇತ್ತು. ಗಾಬರಿ ನೋಡಿ ದಾನಪ್ಪನಿಗೆ ಇನ್ನಷ್ಟು ಹುರುಪು ಬಂತು. ಒಬ್ಬನೇ ಮುಂದೆ ಮುಂದೆ ನಡೆದ.

ಮೀಟರು ಟಾಕಿಯ ಬುಡದಲ್ಲಿ, ಸಿಮೆಂಟಿನ ಗುಂಡಿಯೊಳಗಿತ್ತು. ಸಾಹೇಬರು ಬಗ್ಗಿ ಗಾಜು ಒರೆಸಿದರು. ದಾನಪ್ಪನೂ ಬಗ್ಗಿದ. ಗಾಜಿನೊಳಗೆ ಸಣ್ಣ ಕೆಂಪು ಮುಳ್ಳು ಗಿರಗಿರನೆ ತಿರುಗುತ್ತಿತ್ತು.

"ಯಾರೋ ನಲ್ಲಿ ಬಿಟ್ಟಾರ್ರಿ," ಎಂದ ದಾನಪ್ಪ. ಅವನ ದನಿ ಸಣ್ಣಗಾಗಿತ್ತು.

ಮೂವರೂ ಹಾಸ್ಟೆಲ್ಲಿಗೆ ಹೋಗಿ ಒಂದೊಂದು ನಲ್ಲಿಯನ್ನೂ ಮುಟ್ಟಿ ನೋಡಿದರು. ಎಲ್ಲ ಬಂದ್. ಕೊನೆಗೆ ಸಾಹೇಬರು ಹಾಸ್ಟೆಲ್ ಗೋಡೆಯ ಪಕ್ಕದ ವಾಲ್ವನ್ನೇ ತಿರುಗಿಸಿ ಮುಚ್ಚಿಸಿದರು. ಒಂದು ಹನಿಯೂ ಒಳಗೆ ಹೋಗುವಂತಿಲ್ಲ. ಮರಳಿ ಬಂದು ನೋಡಿದರೆ ಮುಳ್ಳು ಹಾಗೆಯೇ ತಿರುಗುತ್ತಿದೆ. ಟಾಕಿಗೂ ಹಾಸ್ಟೆಲ್ಲಿಗೂ ನಡುವೆ, ನೆಲದಡಿಯಲ್ಲಿ ಪೈಪು ಒಡೆದಿತ್ತು. ಕೆಂಪು ಜಂಬಿಟ್ಟಿಗೆಯ ನೆಲ, ಎಷ್ಟು ನೀರು ಕೊಟ್ಟರೂ ಸದ್ದಿಲ್ಲದೆ ಕುಡಿದು ಮೇಲೆ ತೋರಗೊಡದು.

"ಶಾಬಾಸ್ ಪರಮಣ್ಣ," ಎಂದರು ಸಾಹೇಬರು. "ಖಾಲಿ ದಿನದ ಅಂಕಿ ಇಲ್ಲದಿದ್ದರೆ ಇದು ಎಂದೂ ಸಿಗುತ್ತಿರಲಿಲ್ಲ. ಹುಡುಗರು ಇರುವ ದಿನ ಸೋರಿದ ನೀರೂ ಅವರ ಸ್ನಾನದಲ್ಲೇ ಮುಚ್ಚಿಹೋಗುತ್ತದೆ."

ಅಷ್ಟು ಹೇಳಿದವರಿಗೆ ಏನೋ ನೆನಪಾಯಿತು. ಪಂಪ್‌ಹೌಸಿನ ಕಪಾಟಿನಿಂದ ಹಳೆಯ ರಿಜಿಸ್ಟರುಗಳನ್ನು ತೆಗೆದರು. ಕಳೆದ ವರ್ಷದ ಚೌತಿ ರಜೆ, ದಿನಕ್ಕೆ ಐನೂರು. ಅದರ ಹಿಂದಿನ ವರ್ಷ, ಐನೂರು. ಅದಕ್ಕೂ ಹಿಂದೆ, ಐನೂರು. ಸಾಹೇಬರು ಕನ್ನಡಕ ಸರಿಸಿ ದಾನಪ್ಪನನ್ನು ನೋಡಿದರು. ಒಬ್ಬನ ಕಾಲೆಳೆಯಲು ಬಂದು ತಾನೇ ಕಾಲು ಜಾರಿ ಬಿದ್ದದ್ದು ಅವನಿಗೆ ಆಗ ತಿಳಿಯಿತು.

ಆಗ ಪರಮಣ್ಣ ಬಾಯಿ ತೆರೆದ.

"ಸಾಹೇಬ್ರ, ಪೈಪ ಈ ಮಳಿಗಾಲದಾಗ ಒಡದೈತಿ ಅನಸತೈತ್ರಿ. ಜೂನದಾಗ ಗಣಿ ಲಾರಿ ಒಂದು ದಾರಿ ತಪ್ಪಿ ಈ ಕಡೆ ಬಂದಿತ್ತಲ್ರಿ, ಅದರ ಭಾರಕ್ಕ ಒಡದಿರಬೇಕು. ದಾನಣ್ಣನ ಕಾಲಕ್ಕ ಪೈಪ ನೆಟ್ಟಗಿತ್ರಿ. ಅವರ ಅಂಕಿ ಖರೇ ಅದಾವು."

ಲಾರಿ ಬಂದದ್ದು ಹೌದು. ಆದರೆ ಬಂದದ್ದು ಆಫೀಸಿನ ಹಿಂದಿನ ದಾರಿಗೆ, ಅದು ಇಬ್ಬರಿಗೂ ಗೊತ್ತಿತ್ತು. ಸಾಹೇಬರು ಒಂದು ಗಳಿಗೆ ಯೋಚಿಸಿದರು. "ಇರಬಹುದು," ಎಂದರು. ರಿಜಿಸ್ಟರು ಅರ್ಧ ಮುಚ್ಚಿದರು.

ದಾನಪ್ಪ ಬದುಕಿಕೊಂಡಿದ್ದ. ತುಟಿ ಬಿಗಿದು ನಿಂತಿದ್ದರೆ ಸಾಕಿತ್ತು. ಡಿಸೆಂಬರ್ ಇನ್ನೂ ದೂರವಿತ್ತು, ಆರು ವರ್ಷದ ಹಿರಿತನಕ್ಕೆ ಹುದ್ದೆ ಅವನ ಪಾಲಿಗೇ ಬಂದರೂ ಬರಬಹುದಿತ್ತು. ಅವನು ಪರಮಣ್ಣನ ಮುಖ ನೋಡಿದ. ಅಲ್ಲಿ ಗೆದ್ದ ಸೊಕ್ಕು ಇದ್ದಿದ್ದರೆ ದಾನಪ್ಪ ಖಂಡಿತ ಸುಮ್ಮನಿರುತ್ತಿದ್ದ. ಸೊಕ್ಕು ಇರಲಿಲ್ಲ. ಪಾಪ, ಹೋಗಲಿ ಎನ್ನುವಂಥ ನೋಟವಿತ್ತು. ಹಸಿದವನ ತಾಟಿಗೆ ರೊಟ್ಟಿ ಹಾಕುವಾಗ ದಾನಪ್ಪ ಒಂದು ಕಾಲಕ್ಕೆ ಇವನನ್ನು ಹೀಗೇ ನೋಡಿದ್ದ. ಹೊಟ್ಟೆಯ ಬೆಂಕಿಯೆಲ್ಲ ಒಮ್ಮೆಲೇ ಗಂಟಲಿಗೆ ಬಂತು. ನೀರು ಉಳಿಸಿದ, ಕುರ್ಚಿ ಗಳಿಸಿದ, ಹೆಂಡತಿಯ ಬಾಯಲ್ಲಿ ಚಲೋ ಎನಿಸಿಕೊಂಡ. ಇನ್ನು ತನ್ನನ್ನು ಕಾಪಾಡಿದ ಪುಣ್ಯವೂ ಇವನಿಗೇ ಬೇಕೆ?

"ಸುಳ್ಳ ಐತ್ರಿ!" ಎಂದು ಕೂಗಿದ. "ಪೈಪ ಆರು ವರ್ಷದಿಂದ ಸೋರಾಕತ್ತೈತಿ. ಟಾಕಿ ಹಿಂದ ಬ್ಯಾಸಗ್ಯಾಗೂ ಕೆಸುವಿನ ಎಲಿ ಹಸರ ಇರತಾವ, ನನ್ನ ಹೆಣ್ತಿನ ಕೊಯ್ಕೊಂಡು ಬರತಾಳ. ನಾ ಒಂದ ಐತವಾರ ಮೀಟರ ನೋಡಿಲ್ರಿ. ಐನೂರ ಐನೂರ ಅಂತ ಮನಿಯಾಗ ಕುಂತ ಬರದೀನಿ. ಇವ ಹೇಳೂದು ಸುಳ್ಳು!"

ಪರಮಣ್ಣನನ್ನು ಸುಳ್ಳುಗಾರ ಎಂದು ಕೊನೆಗೂ ಸಾಬೀತು ಮಾಡಿದ ತೃಪ್ತಿ ಅವನಿಗೆ ಒಂದು ಕ್ಷಣವಾದರೂ ಸಿಕ್ಕಿತು. ಮರುಕ್ಷಣ ಸಾಹೇಬರು ರಿಜಿಸ್ಟರು ಮುಚ್ಚಿ, ಆಫೀಸ್ ಲೈನು, ಜನರೇಟರು, ಪಂಪು ಎಲ್ಲವನ್ನೂ ನಾಳೆಯಿಂದ ಪರಮಣ್ಣನೇ ನೋಡಲಿ ಎಂದರು. ದಾನಪ್ಪ ತೋಟಕ್ಕೆ. ಮೊದಲು ಪೈಪಿನ ಗುಂಡಿ ಅಗೆಯುವ ಕೆಲಸ.

ಸಾಹೇಬರು ಹೋದ ಮೇಲೆ ಪರಮಣ್ಣ ಹತ್ತಿರ ಬಂದ. ಅವನ ಕಣ್ಣು ತುಂಬಿತ್ತು.

"ಯಾಕ ಹೇಳಿದ್ರಿ ದಾನಣ್ಣಾ? ನಾ ಸಂಭಾಳಸಾಕತ್ತಿದ್ದೆ ಅಲ್ರಿ."

"ಅದಕ್ಕ ಹೇಳಿದೆ," ಎಂದ ದಾನಪ್ಪ.

ನಾಲ್ಕು ದಿನ ಗುದ್ದಲಿ ಹಿಡಿದು ಅಗೆದ. ನೀಲವ್ವ ಬುತ್ತಿ ತಂದು ಕೊಟ್ಟಳು. ಶನಿವಾರ ಹೊಸ ಪೈಪು ಕೂತಿತು. ಹುಡುಗರು ಸೋಮವಾರ ಬರುವವರು, ಅಷ್ಟರಲ್ಲಿ ಗುಂಡಿ ಮುಚ್ಚಬೇಕೆಂದು ದಾನಪ್ಪ ಭಾನುವಾರ ಬೆಳಿಗ್ಗೆ ಆರು ಗಂಟೆಗೇ ಬಂದ. ಆರು ವರ್ಷದಲ್ಲಿ ಅದು ಅವನ ಮೊದಲ ಭಾನುವಾರ.

ಆರೂವರೆಗೆ ಸರಿಯಾಗಿ ಪರಮಣ್ಣ ರಿಜಿಸ್ಟರು ಹಿಡಿದು ಬಂದು ಮೀಟರಿನ ಗುಂಡಿಗೆ ಬಗ್ಗಿದ. ದಾನಪ್ಪ ಗುದ್ದಲಿ ಊರಿ, ಬೇಡವೆಂದುಕೊಂಡರೂ, ಅವನ ಹೆಗಲ ಮೇಲಿಂದ ಇಣುಕಿದ. ಮುಳ್ಳು ಅಲುಗದೆ ನಿಂತಿತ್ತು. ನಿನ್ನೆ ಸಂಜೆ ಪೈಪು ಕೂತ ಮೇಲಿನ ಅಂಕಿ, ಇವತ್ತಿನ ಅಂಕಿ ಒಂದೇ. ಪರಮಣ್ಣ ಪೆನ್ನು ತೆಗೆದು, ಭಾನುವಾರದ ನೀರು ಎಂಬಲ್ಲಿ ನಿಧಾನಕ್ಕೆ ಒಂದು ಸೊನ್ನೆ ಬರೆದ.

ಚೆಂದದ ಸೊನ್ನೆ. ತುಂಬಿದ, ದುಂಡಗಿನ, ಯಾರು ಬಂದು ನೋಡಿದರೂ ಅಲ್ಲಗಳೆಯಲಾಗದ ಸೊನ್ನೆ. ಆ ಸೊನ್ನೆಯ ಮೇಲೂ ದಾನಪ್ಪನಿಗೆ ಹೊಟ್ಟೆಕಿಚ್ಚಾಯಿತು.